ಹಳೇ ಕೋಚ್ ಬಗ್ಗೆ ಬಾಯಿ ಮುಚ್ಚಿಕೊಂಡ ಮೇಲೆ ತಂಡ ಕೈಗೆ ಬಂತು

ಮೂರು ವರ್ಷದ ಹಿಂದೆ ಈ ಕಾಲೇಜಿನ ಫುಟ್‌ಬಾಲ್ ತಂಡ ನನ್ನ ಕೈಗೆ ಬಂದಾಗ ಸ್ಟೋರ್ ರೂಮಿನಲ್ಲಿ 11 ಬಾಲ್ ಇದ್ದವು. ಗಾಳಿ ನಿಲ್ಲುತ್ತಿದ್ದದ್ದು ನಾಲ್ಕರಲ್ಲಿ. ಗೋಲಿನ ಬಲೆಯನ್ನು ಇಲಿ ಕಡಿದಿತ್ತು.

ಆಗ ನನ್ನ ತಲೆಯಲ್ಲಿ ಡಿಯಾನ್ ಸ್ಯಾಂಡರ್ಸ್ ಕೂತಿದ್ದರು. 2022ರ ಕೊನೆಗೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಹೋದವರು. ಅಲ್ಲಿಯದು ಬಾಲ್ ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲ್, ಇರಲಿ. 12ರಲ್ಲಿ ಒಂದೇ ಪಂದ್ಯ ಗೆದ್ದಿದ್ದ ತಂಡಕ್ಕೆ ಮೊದಲ ದಿನವೇ, ನನ್ನ ಹುಡುಗರು ಬರ್ತಾರೆ, ನೀವು ಬೇರೆ ಜಾಗ ನೋಡ್ಕೊಳ್ಳಿ ಅನ್ನೋ ಧಾಟಿಯಲ್ಲಿ ಮಾತಾಡಿದ್ದರು. ಆ ವಿಡಿಯೊ ನೋಡಿ ನಾನೂ ಅದೇ ಗತ್ತಿನಲ್ಲಿ, "ಇಲ್ಲೀವರೆಗೆ ನೀವು ಆಡಿದ್ದು ಫುಟ್‌ಬಾಲೇ ಅಲ್ಲ" ಅಂದೆ.

ಮಾರನೇ ದಿನ 22 ಹುಡುಗರಲ್ಲಿ ಒಂಬತ್ತು ಜನ ಬಂದರು. ಸ್ಯಾಂಡರ್ಸ್‌ಗಾದರೆ ಬೇರೆ ಕಾಲೇಜಿನ ಆಟಗಾರರನ್ನು ಕರೆಸಿಕೊಳ್ಳೋಕೆ ಟ್ರಾನ್ಸ್‌ಫರ್ ಪೋರ್ಟಲ್ ಇದೆ. ನನಗೇನಿತ್ತು? ಬಿಕಾಂ ಅಡ್ಮಿಷನ್ ಲಿಸ್ಟ್. ಅವರೂ ಮೊದಲ ವರ್ಷ ಗೆದ್ದದ್ದು 4, ಸೋತದ್ದು 8.

ಕ್ಯಾಪ್ಟನ್ ಬೂಟಿನ ಲೇಸ್ ಬಿಚ್ಚುತ್ತಾ, ತಲೆ ಎತ್ತದೆ ಹೇಳಿದ: "ಸರ್, ಹಳೇ ಸರ್ ನಮ್ಮನೆಗೆ ಬಂದು ಅಪ್ಪನ್ನ ಒಪ್ಪಿಸಿದ್ರು. ಇಲ್ಲಾಂದ್ರೆ ನಾನು ಗ್ಯಾರೇಜಲ್ಲಿ ಇರ್ತಿದ್ದೆ."

ಅವತ್ತಿಂದ ಮೈದಾನದಲ್ಲಿ ಹಳೇ ಸರ್ ಬಗ್ಗೆ ಒಂದು ಮಾತೂ ಆಡಬಾರದು ಅಂತ ತೀರ್ಮಾನಿಸಿದೆ. ಅವರ ಮೂರು ಡ್ರಿಲ್ ಹಾಗೇ ಉಳಿಸಿಕೊಂಡೆ. ಒಂದಂತೂ ನನಗೆ ಹಿಡಿಸುತ್ತಲೇ ಇರಲಿಲ್ಲ. ಪ್ರಿನ್ಸಿಪಾಲರ ಮುಂದೆಯೂ ಬಾಲ್, ಬಲೆ, ಬಸ್ ಚಾರ್ಜ್ ಅಷ್ಟೇ. ಸುಮಾರು 38 ಸಾವಿರ ಕೇಳಿದೆ, 15 ಕೊಟ್ಟರು. ನನ್ನ ಜೇಬಿಂದ ಒಂಬತ್ತು ಹೋಯಿತು. ಮನೆಯಲ್ಲಿ ಗೊತ್ತಿರುವುದು ನಾಲ್ಕು.

ಬಿಟ್ಟುಹೋದ 13 ಹುಡುಗರಲ್ಲಿ ಹತ್ತು ಜನ ವಾಪಸ್ ಬಂದರು. ಹೇಗೆ ಕರೆಸಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ. ನಮ್ಮ ಜೋನ್‌ನ ಬೇರೆ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರೂ ಇದನ್ನು ಓದ್ತಾರೆ, ಅಲ್ವಾ.

ಮಧ್ಯೆ ಒಂದು ಡಬ್ಬಿ ಇಟ್ಟಿದ್ದೆ. "ಹಳೇ ಸರ್ ಟೈಮಲ್ಲಿ" ಅಂತ ಯಾರು ಶುರು ಮಾಡಿದರೂ ಐದು ರೂಪಾಯಿ ದಂಡ. ಎರಡು ತಿಂಗಳಿಗೆ ಮುನ್ನೂರು ಚಿಲ್ಲರೆ ಸೇರಿತು. ಅರ್ಧ ನನ್ನದೇ. ಅದರಲ್ಲಿ ಪಂಪಿನ ಪಿನ್ ತಂದು ಡಬ್ಬಿ ಎತ್ತಿಟ್ಟೆ. ಸುಮ್ನೆ ಬಾಯಿ ಕಟ್ಟಿದರೆ ಹುಡುಗರು ಬಾತ್‌ರೂಮಲ್ಲಿ ಮಾತಾಡ್ತಾರೆ, ಅಷ್ಟೇ.

"ಇಷ್ಟು ಮೆತ್ತಗಾದ್ರೆ ತಲೆ ಮೇಲೆ ಕೂರ್ತಾರೆ" ಅಂದವರು ಜಾಸ್ತಿ. ಈ ವರ್ಷ ಅಂತರಕಾಲೇಜು ಸೆಮಿಫೈನಲ್ ಆಡಿದೆವು. ಟೈಬ್ರೇಕರ್‌ನಲ್ಲಿ ಸೋತೆವು. ಹೇಳಿದವರಲ್ಲಿ ಇಬ್ಬರ ತಂಡ ಗ್ಯಾಲರಿಯಲ್ಲಿ ಕೂತು ನೋಡುತ್ತಿತ್ತು.

ಹಳೇ ಸರ್ ಕೂಡ ಬಂದಿದ್ದರು. ಹುಡುಗರೆಲ್ಲ ಮೊದಲು ಅವರ ಹತ್ತಿರ ಓಡಿದರು. ಸ್ವಲ್ಪ ಹೊಟ್ಟೆ ಉರಿಯಿತು. ವಾರ್ಮಪ್ ನೋಡಿದ್ದ ಅವರು ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದರು: "ಆ ಮೂರನೇ ಡ್ರಿಲ್ ಇನ್ನೂ ಮಾಡಿಸ್ತೀರಾ? ಅದನ್ನ ನಾನೇ ಬಿಡಬೇಕು ಅಂತಿದ್ದೆ ಮಾರಾಯ್ರೆ."