ಒಂದು ‘ನೋ’ಗೆ ಎರಡು ‘ಯೆಸ್’: ಶಾಲೆಯ ಪಾರ್ಸೆಲ್ ಟ್ಯಾಕ್ಸ್‌ಗಾಗಿ ಬಾಗಿಲು ತಟ್ಟಿದ ನನ್ನ ಅನುಭವ

ಕ್ಯಾಲಿಫೋರ್ನಿಯಾದಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಒಂದು ಪಾರ್ಸೆಲ್ ಟ್ಯಾಕ್ಸ್, ಅಂದರೆ ನಿವೇಶನಕ್ಕೆ ಇಷ್ಟು ಅಂತ ಹಾಕುವ ತೆರಿಗೆ, ತರಬೇಕೆಂದರೆ ಬಿದ್ದ ವೋಟುಗಳಲ್ಲಿ ಮೂರರಲ್ಲಿ ಎರಡು ಪಾಲು ಬೇಕು. ಅಂದರೆ ಒಬ್ಬರು ‘ನೋ’ ಅಂದರೆ ಅದನ್ನು ಸರಿದೂಗಿಸೋಕೆ ಇಬ್ಬರು ‘ಯೆಸ್’ ಅನ್ನಬೇಕು. ಈ ಲೆಕ್ಕ ಒಮ್ಮೆ ತಲೆಗೆ ಹೋದರೆ ಪ್ರಚಾರ ಹೇಗೆ ಮಾಡಬೇಕು ಅನ್ನೋದು ಮುಕ್ಕಾಲು ಪಾಲು ತಾನಾಗಿಯೇ ಗೊತ್ತಾಗುತ್ತದೆ. ಸಾಂತಾ ಕ್ಲಾರಾ ಕೌಂಟಿಯ ನಮ್ಮ ಡಿಸ್ಟ್ರಿಕ್ಟ್‌ನಲ್ಲಿ ಇಂಥದ್ದೊಂದು ಟ್ಯಾಕ್ಸ್ ಪರವಾಗಿ ನಾನು ಬಾಗಿಲು ತಟ್ಟಿದೆ, ಫೋನ್ ಮಾಡಿದೆ, ಬೈಸಿಕೊಂಡೆ. ಬೇ ಏರಿಯಾದ (ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತಲಿನ) ಬೇರೆ ಊರುಗಳಲ್ಲಿರುವ ಕನ್ನಡದವರು ‘ನಮ್ಮಲ್ಲೂ ಬರ್ತಿದೆಯಂತೆ, ನೀವೇನು ಮಾಡಿದಿರಿ’ ಅಂತ ಕೇಳುತ್ತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಊರಲ್ಲಿ ಬೆಳೆದ ನಮಗೆ ಇದು ವಿಚಿತ್ರವೇ. ಶಾಲೆಗೆ ದುಡ್ಡು ಕೊಡಬೇಕಾ ಬೇಡವಾ ಅಂತ ನಮ್ಮ ಅಪ್ಪ ಅಮ್ಮನ ಹತ್ತಿರ ಯಾರೂ ವೋಟು ಹಾಕಿಸಿರಲಿಲ್ಲ. ಇಲ್ಲಿ ಹಾಗಾಗೋದಕ್ಕೆ ಕಾರಣ 1978ರ ಪ್ರಾಪ್ (ಪ್ರಾಪೊಸಿಷನ್) 13 ಅನ್ನುವ ಕಾನೂನು. ಆಸ್ತಿ ತೆರಿಗೆ ಮನೆಯ ಬೆಲೆಯ 1% ದಾಟಬಾರದು, ಆ ಬೆಲೆಯೂ ಮನೆ ಮಾರಾಟ ಆಗುವ ತನಕ ವರ್ಷಕ್ಕೆ 2%ಗಿಂತ ಜಾಸ್ತಿ ಏರಬಾರದು ಅಂತ ಜನರೇ ವೋಟು ಹಾಕಿ ಕಟ್ಟು ಹಾಕಿಬಿಟ್ಟರು. ಅಲ್ಲಿಂದ ಶಾಲೆಯ ಖಜಾನೆಯ ಬೀಗದ ಕೈ ರಾಜ್ಯ ಸರ್ಕಾರದ ಕೈಗೆ ಹೋಯಿತು. ನಮ್ಮಂಥ ಬಹಳಷ್ಟು ಡಿಸ್ಟ್ರಿಕ್ಟ್‌ಗಳಿಗೆ ರಾಜ್ಯ ಕೊಡೋದು ಮಕ್ಕಳ ಹಾಜರಿ ನೋಡಿ. ಮನೆ ಬೆಲೆ ತಾಳಲಾರದೆ ಚಿಕ್ಕ ಮಕ್ಕಳಿರುವ ಕುಟುಂಬಗಳು ದೂರದ ಟ್ರೇಸಿ, ಮಂಟೀಕಾ ಊರುಗಳ ಕಡೆ ಹೋದರೆ ಹಾಜರಿ ಇಳಿಯುತ್ತದೆ, ದುಡ್ಡೂ ಇಳಿಯುತ್ತದೆ. ಮೇಷ್ಟ್ರುಗಳೂ ಅಲ್ಲಿಂದಲೇ ಗಂಟೆಗಟ್ಟಲೆ ಡ್ರೈವ್ ಮಾಡಿಕೊಂಡು ಬರಬೇಕು.

ಊರಿನವರೇ ಜಾಸ್ತಿ ಕೊಡಬೇಕೆಂದರೆ ದಾರಿ ಎರಡು, ಬಾಂಡ್ ಮತ್ತು ಪಾರ್ಸೆಲ್ ಟ್ಯಾಕ್ಸ್. ಇವೆರಡನ್ನೂ ಜನ ಒಂದೇ ಅಂದುಕೊಂಡಿರುತ್ತಾರೆ, ನಮ್ಮ ಅರ್ಧ ಶಕ್ತಿ ಹೋಗಿದ್ದೇ ಅದನ್ನು ಬಿಡಿಸಿ ಹೇಳೋದರಲ್ಲಿ. ಪದೇ ಪದೇ ಕೇಳಿದ ಪ್ರಶ್ನೆ ಇದು: “ಹೋದ ಸಲ ಬಾಂಡ್‌ಗೆ ವೋಟ್ ಹಾಕಿದ್ವಲ್ಲ, ಅಷ್ಟು ದೊಡ್ಡ ಜಿಮ್ ಕಟ್ಟಿದ್ದಾರೆ, ಈಗ ಲೈಬ್ರರಿಯನ್‌ಗೆ ಸಂಬಳ ಕೊಡೋಕೆ ದುಡ್ಡಿಲ್ಲ ಅಂದ್ರೆ ಏನರ್ಥ?” ಕೇಳಿದ್ದು ಸರಿಯಾಗೇ ಇದೆ. ಬಾಂಡ್ ಅಂದರೆ ಸಾಲ. ಆ ದುಡ್ಡು ಕಟ್ಟಡ, ಛಾವಣಿ, ವೈರಿಂಗ್ ಇಂಥದ್ದಕ್ಕೆ ಮಾತ್ರ. ಸಂಬಳಕ್ಕೆ ಒಂದು ಡಾಲರ್ ಕೂಡ ಮುಟ್ಟುವ ಹಾಗಿಲ್ಲ ಅಂತ 2000ದ ಪ್ರಾಪ್ 39ರಲ್ಲೇ ಬರೆದಿದೆ. ಅದೇ ಕಾನೂನು ಬಾಂಡ್ ಪಾಸಾಗೋಕೆ 55% ವೋಟು ಸಾಕು ಅಂತಲೂ ಮಾಡಿತು. ಪಾರ್ಸೆಲ್ ಟ್ಯಾಕ್ಸ್ ದುಡ್ಡನ್ನು ಮೇಷ್ಟ್ರ ಸಂಬಳ, ಕೌನ್ಸೆಲರ್, ಸಂಗೀತದ ಕ್ಲಾಸು ಅಂತ ಖರ್ಚು ಮಾಡಬಹುದು, ಆದರೆ ಅದಕ್ಕೆ ಮೂರರಲ್ಲಿ ಎರಡು ಪಾಲು. ಗೋಡೆ ಕಟ್ಟೋದು ಸುಲಭ, ಗೋಡೆಯೊಳಗೆ ಪಾಠ ಮಾಡೋರನ್ನು ಇಟ್ಟುಕೊಳ್ಳೋದು ಕಷ್ಟ. ಇದು ನನಗೆ ಈಗಲೂ ತಲೆಕೆಳಗಾದ ವ್ಯವಸ್ಥೆ ಅಂತಲೇ ಅನಿಸುತ್ತದೆ.

ಇನ್ನೊಂದು ವಿಷಯ ಹೊಸದಾಗಿ ಮನೆ ಕೊಂಡ ನಮ್ಮವರಿಗೆ ಗೊತ್ತೇ ಇರಲಿಲ್ಲ. ಬಾಂಡ್‌ನ ಹೊರೆ ಮನೆಯ ಅಸೆಸ್ಡ್ ವ್ಯಾಲ್ಯೂ (ತೆರಿಗೆ ಲೆಕ್ಕಕ್ಕೆ ಕಾಗದದ ಮೇಲಿರುವ ಬೆಲೆ) ಮೇಲೆ ಬೀಳುತ್ತದೆ. ಲಕ್ಷ ಡಾಲರ್‌ಗೆ 30 ಡಾಲರ್ ಅಂತ ಇಟ್ಟುಕೊಳ್ಳಿ. ಮೊನ್ನೆ ಮೊನ್ನೆ 15 ಲಕ್ಷ ಕೊಟ್ಟು ಮನೆ ತೆಗೆದುಕೊಂಡವರು ವರ್ಷಕ್ಕೆ 450 ಡಾಲರ್ ಕಟ್ಟುತ್ತಾರೆ. ಪಕ್ಕದಲ್ಲೇ ಅಂಥದ್ದೇ ಮನೆಯಲ್ಲಿ ದಶಕಗಳಿಂದ ಇರುವ, ಕಾಗದದ ಮೇಲೆ ಮನೆ ಬೆಲೆ ಇನ್ನೂ 2 ಲಕ್ಷವೇ ಇರುವ ಅಜ್ಜ 60 ಡಾಲರ್ ಕಟ್ಟುತ್ತಾರೆ. ಪಾರ್ಸೆಲ್ ಟ್ಯಾಕ್ಸ್ ಸಾಮಾನ್ಯವಾಗಿ ಹಾಗಲ್ಲ. ಒಂದು ನಿವೇಶನಕ್ಕೆ ಇಷ್ಟು ಅಂದರೆ ಎಲ್ಲರಿಗೂ ಅಷ್ಟೇ. ನಮ್ಮದು ವರ್ಷಕ್ಕೆ ನೂರು ಡಾಲರ್‌ಗಿಂತ ಸ್ವಲ್ಪ ಕಮ್ಮಿ ಇತ್ತು. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ತೋರಿಸಿದರೆ ಹೊಸ ಮನೆಯವರ ಮುಖ ಸಡಿಲವಾಗುತ್ತಿತ್ತು. ಹಾಗಂತ ಇದು ಬಹಳ ನ್ಯಾಯದ ಟ್ಯಾಕ್ಸ್ ಅಂತ ನಾನು ಹೇಳಲ್ಲ. ಒಂದೇ ಪಾರ್ಸೆಲ್ ಮೇಲೆ ನಿಂತ ದೊಡ್ಡ ಆಫೀಸ್ ಕಟ್ಟಡವೂ ಅಷ್ಟೇ ಕಟ್ಟುತ್ತದೆ, ಚಿಕ್ಕ ಕಾಂಡೋ (ಫ್ಲಾಟ್) ಇರುವವರೂ ಅಷ್ಟೇ ಕಟ್ಟುತ್ತಾರೆ. ಬೇ ಏರಿಯಾದ್ದೇ ಊರಾದ ಅಲಮೀಡಾದಲ್ಲಿ 2008ರಲ್ಲಿ ವ್ಯಾಪಾರದ ಆಸ್ತಿಗೆ ಬೇರೆ ದರ ಇಟ್ಟು ನೋಡಿದರು, ಕೋರ್ಟು ಅದನ್ನು ಒಪ್ಪಲಿಲ್ಲ. ಇದನ್ನು ಯಾರಾದರೂ ಎತ್ತಿದರೆ ನಾನು ವಾದ ಮಾಡುತ್ತಿರಲಿಲ್ಲ. “ಹೌದು, ನೀವು ಹೇಳೋದು ನಿಜ, ಆದರೆ ವ್ಯಾಪಾರದ ಆಸ್ತಿಗೆ ಬೇರೆ ದರ ಇಡೋಕೆ ಈ ಕಾನೂನು ಬಿಡಲ್ಲ” ಅನ್ನುತ್ತಿದ್ದೆ. ಒಪ್ಪಿಕೊಂಡರೆ ಮಾತು ಮುಂದೆ ಹೋಗುತ್ತದೆ.

ಯಾರ ಬಾಗಿಲು ತಟ್ಟಬೇಕು ಅನ್ನೋದೇ ಮುಖ್ಯ. ಎಲ್ಲಾ ಮನೆಗೂ ಹೋಗೋದು ಒಳ್ಳೆಯ ಕೆಲಸ ಅಂತ ಹೊಸ ವಾಲಂಟಿಯರ್‌ಗಳಿಗೆ ಅನಿಸುತ್ತದೆ. ಬೇಡ. ಟ್ಯಾಕ್ಸ್ ಅಂದರೆ ಉರಿದು ಬೀಳುವ ಮನುಷ್ಯ ಬ್ಯಾಲೆಟ್‌ನ ಕೊನೆಯ ಪುಟದ ತನಕ ಹೋಗದೆ ಸುಮ್ನೆ ಇರಬಹುದು. ನೀವು ಹೋಗಿ ನೆನಪಿಸಿದರೆ ಅವನು ಎದ್ದು ಹೋಗಿ ‘ನೋ’ ಅಂತ ಗುರುತು ಹಾಕುತ್ತಾನೆ. ಆಗ ನಿಮಗೆ ಎರಡು ‘ಯೆಸ್’ ಜಾಸ್ತಿ ಹುಡುಕುವ ಕೆಲಸ. ಕೌಂಟಿಯಿಂದ ವೋಟರ್ ಪಟ್ಟಿ ಸಿಗುತ್ತದೆ. ಯಾವ ಚುನಾವಣೆಯಲ್ಲಿ ಯಾರು ವೋಟು ಹಾಕಿದರು, ಯಾರು ಹಾಕಲಿಲ್ಲ ಅಂತ ಅದರಲ್ಲಿರುತ್ತದೆ, ಯಾರಿಗೆ ಹಾಕಿದರು ಅಂತಲ್ಲ. ಅದನ್ನಿಟ್ಟುಕೊಂಡು ಮಕ್ಕಳಿರುವ, ವೋಟು ಇರುವ, ಆದರೆ ಚಿಕ್ಕಪುಟ್ಟ ಚುನಾವಣೆಗಳಲ್ಲಿ ಅಂಚೆಯಲ್ಲಿ ಬಂದ ಬ್ಯಾಲೆಟ್‌ನ ಕವರ್ ಬಿಚ್ಚದ ಮನೆಗಳನ್ನು ಹೆಕ್ಕಿದೆವು. ನಮ್ಮ ಭಾರತದವರ ಮನೆಗಳು ಅದರಲ್ಲಿ ಬೇಕಾದಷ್ಟಿದ್ದವು. ವಿರೋಧ ಏನಿಲ್ಲ. ಬ್ಯಾಲೆಟ್ ಮೈಕ್ರೋವೇವ್ ಮೇಲೆ ಬಿದ್ದಿರುತ್ತದೆ, ಅಷ್ಟೇ.

ಕನ್ನಡದವರ ಮನೆಗೆ ಹೋದರೆ ಕಾಫಿ ಆಗದೆ ಬಿಡುತ್ತಿರಲಿಲ್ಲ. ಕಾಫಿ ಮುಗಿದ ಮೇಲೆ “ನಮಗೆ ವೋಟೇ ಇಲ್ಲವಲ್ಲ, ಇನ್ನೂ ಎಚ್1ಬಿ ವೀಸಾ” ಅನ್ನೋರು. ಇದು ನಮ್ಮ ಸಮುದಾಯದ ದೊಡ್ಡ ಸಂಕಟ. ಟ್ಯಾಕ್ಸ್ ಕಟ್ಟೋರು ಅವರೇ, ಆ ಶಾಲೆಯಲ್ಲಿ ಓದುವ ಮಕ್ಕಳು ಅವರದ್ದೇ, ಆದರೆ ಸಿಟಿಜನ್ ಆಗುವ ತನಕ ವೋಟಿಲ್ಲ. ಗ್ರೀನ್ ಕಾರ್ಡ್ ಬಂದರೂ ಇಲ್ಲ. ಗ್ರೀನ್ ಕಾರ್ಡ್ ಕೂಡ ಇಲ್ಲದವರಿಂದ ನಾವು ದೇಣಿಗೆಯನ್ನೂ ತೆಗೆದುಕೊಳ್ಳಲಿಲ್ಲ, ಖಜಾಂಚಿ ಅದರಲ್ಲಿ ಬಲು ಕಟ್ಟುನಿಟ್ಟು. ಅಂಥವರಿಗೆ ನಾನು ಹೇಳಿದ್ದು ಒಂದೇ: ನಿಮ್ಮ ಮಗಳ ಕ್ಲಾಸಿನಲ್ಲಿ, ನಿಮ್ಮ ಬೀದಿಯಲ್ಲಿ ಸಿಟಿಜನ್ ಆದವರು ಯಾರು ಅಂತ ನಿಮಗೆ ಗೊತ್ತು, ಅವರಿಗೆ ಒಂದು ಮಾತು ಹೇಳಿ. ಬಾಗಿಲು ತಟ್ಟುವ ಕೆಲಸ ಮಾಡಿಸಿದ್ದಕ್ಕಿಂತ ಜಾಸ್ತಿ ಪ್ರಯೋಜನ ಅದರಿಂದಲೇ ಆಯಿತು.

ಹಿರಿಯರ ಮಾತು ಬೇರೆ. ಒಬ್ಬರು ಮೈಸೂರು ಕಡೆಯವರು, ರಿಟೈರ್ ಆದವರು, ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: “ಅಲ್ಲಮ್ಮಾ, ನನ್ನ ಮಕ್ಕಳು ಓದು ಮುಗಿಸಿ ನ್ಯೂಜೆರ್ಸಿಯಲ್ಲಿದ್ದಾರೆ. ನಾನ್ಯಾಕೆ ಕೊಡಲಿ?”

“ಅಂಕಲ್, ನಿಮಗೆ 65 ದಾಟಿದೆಯಲ್ವಾ? ನೀವು ಕೊಡಬೇಕಾಗಿಲ್ಲ.”

ನಮ್ಮದೂ ಸೇರಿ ಬಹಳಷ್ಟು ಡಿಸ್ಟ್ರಿಕ್ಟ್‌ಗಳ ಪಾರ್ಸೆಲ್ ಟ್ಯಾಕ್ಸ್‌ನಲ್ಲಿ ಸ್ವಂತ ಮನೆಯಲ್ಲಿ ವಾಸವಿರುವ 65 ದಾಟಿದವರಿಗೆ ವಿನಾಯಿತಿ ಇರುತ್ತದೆ. ಆದರೆ ತಾನಾಗಿಯೇ ಸಿಗಲ್ಲ, ಡಿಸ್ಟ್ರಿಕ್ಟ್‌ಗೆ ಅರ್ಜಿ ಹಾಕಬೇಕು. ಅವರು ಚೀಟಿ ಇಸಿದುಕೊಂಡು, ಕನ್ನಡಕ ಹಾಕಿಕೊಂಡು, ಪೂರ್ತಿ ಓದಿ “ಮೊದಲೇ ಹೇಳಬಾರದಿತ್ತಾ” ಅಂದರು. ಅಂದಿನಿಂದ ಹಿರಿಯರ ಮನೆಯಲ್ಲಿ ನನ್ನ ಮೊದಲ ವಾಕ್ಯವೇ ಅದಾಯಿತು.

ನವೆಂಬರ್ ಚುನಾವಣೆಯಲ್ಲಿ ಇನ್ನೊಂದು ಫಜೀತಿ ಇದೆ. ಬ್ಯಾಲೆಟ್ ಅಕ್ಟೋಬರ್ ಮೊದಲ ಭಾಗದಲ್ಲೇ ಅಂಚೆಯಲ್ಲಿ ಬರುತ್ತದೆ. ಆಸ್ತಿ ತೆರಿಗೆಯ ಬಿಲ್ಲೂ ಅದೇ ತಿಂಗಳು ಬಂದು ಬೀಳುತ್ತದೆ, ಮೊದಲ ಕಂತು ಡಿಸೆಂಬರ್ 10ರೊಳಗೆ ಕಟ್ಟಬೇಕು. ಆ ಬಿಲ್ ನೋಡಿ ಹೊಟ್ಟೆ ಉರಿದವರ ಮುಂದೆ ಹೋಗಿ ಇನ್ನೊಂದು ಟ್ಯಾಕ್ಸ್ ಬಗ್ಗೆ ಮಾತಾಡೋದಾ! ಅದಕ್ಕೆ ನಾವು ಮಾತು ಶುರು ಮಾಡಿದ್ದು ಬೇಸಿಗೆ ರಜೆ ಮುಗಿದ ಕೂಡಲೇ. ಬ್ಯಾಲೆಟ್ ಬಂದ ವಾರ ಬರೀ ನೆನಪಿಸೋದು: ಬಂತಾ, ಹಾಕಿದ್ರಾ, ಸಹಿ ಮಾಡಿದ್ರಾ.

ಮಾಡಬಾರದ್ದೂ ಇದೆ. ಡಿಸ್ಟ್ರಿಕ್ಟ್ ತನ್ನ ದುಡ್ಡಿನಲ್ಲಿ ಮಾಹಿತಿ ಕೊಡಬಹುದು, ‘ಯೆಸ್ ಅನ್ನಿ’ ಅನ್ನುವ ಹಾಗಿಲ್ಲ. ಮೇಷ್ಟ್ರುಗಳು ಸಂಜೆ, ಶನಿವಾರ ನಮ್ಮ ಜೊತೆ ಬಂದರು, ಕ್ಲಾಸ್ ಹೊತ್ತಿನಲ್ಲಿ ಅಥವಾ ಶಾಲೆಯ ಇಮೇಲ್‌ನಿಂದ ಒಂದಕ್ಷರವೂ ಇಲ್ಲ. ಪ್ರಚಾರಕ್ಕೆ 2,000 ಡಾಲರ್ ಸೇರಿದರೆ ಸಮಿತಿ ನೋಂದಾಯಿಸಿ ಲೆಕ್ಕ ಕೊಡಬೇಕು. ಇದನ್ನು ಮೊದಲ ದಿನವೇ ಲೆಕ್ಕ ಗೊತ್ತಿರುವ ಒಬ್ಬರಿಗೆ ವಹಿಸಿಬಿಡಿ.

ಹೆಸರಿನ ಗೊಂದಲವೂ ಕಾಡಿತು. 2020ರ ಮಾರ್ಚ್‌ನಲ್ಲಿ ಇಡೀ ರಾಜ್ಯದ ಶಾಲೆಗಳಿಗೆ ಅಂತ 1,500 ಕೋಟಿ ಡಾಲರ್ ಬಾಂಡ್ ಬ್ಯಾಲೆಟ್‌ಗೆ ಬಂದಿತ್ತು. ಅದಕ್ಕೆ ಸಿಕ್ಕ ನಂಬರ್ ಏನು ಗೊತ್ತಾ? 13! ಹಳೇ ಪ್ರಾಪ್ 13 ಅನ್ನೇ ಬದಲಾಯಿಸ್ತಿದ್ದಾರೆ ಅಂದುಕೊಂಡೆವು ಅಂತ ನಾನು ಮಾತಾಡಿಸಿದ ಎಷ್ಟೋ ಜನ ಹೇಳಿದರು. ಅದು ಸೋತಿತು. ಹೀಗಾಗಿ ನಮ್ಮ ಚೀಟಿಯಲ್ಲಿ ಮೆಷರ್‌ನ (ಬ್ಯಾಲೆಟ್‌ನಲ್ಲಿ ಬಂದ ನಮ್ಮ ಪ್ರಸ್ತಾಪದ) ಗುರುತಿನ ಅಕ್ಷರ ದೊಡ್ಡದಾಗಿ ಹಾಕಿ, ‘ಇದು ನಮ್ಮ ಶಾಲೆಗಳದ್ದು ಮಾತ್ರ’ ಅಂತ ಕೆಳಗೆ ಬರೆದೆವು.

ಚುನಾವಣೆ ರಾತ್ರಿ ನಮ್ಮ ಸಂಖ್ಯೆ ಗೆರೆಗಿಂತ ಸ್ವಲ್ಪ ಕೆಳಗಿತ್ತು. ಕೆಲವರು ಸೋತೆವು ಅಂತ ಮನೆಗೆ ಹೋದರು. ಆದರೆ ಕೊನೇ ದಿನದೊಳಗೆ ಅಂಚೆ ಮುದ್ರೆ ಬಿದ್ದ ಬ್ಯಾಲೆಟ್ ಇನ್ನೂ 7 ದಿನ ಬರುತ್ತಿರುತ್ತದೆ, ಮತ್ತು ಕಡೇ ಗಳಿಗೆಯಲ್ಲಿ ಹಾಕುವವರಲ್ಲಿ ಚಿಕ್ಕ ಮಕ್ಕಳ ಅಪ್ಪ ಅಮ್ಮಂದಿರು ಜಾಸ್ತಿ. ನಾವು ಆ ದಿನಗಳಲ್ಲಿ ಮಾಡಿದ ಕೆಲಸ ಒಂದೇ. ಸಹಿ ಹೊಂದದೆ ನಿಂತುಹೋದ ಬ್ಯಾಲೆಟ್‌ಗಳವರನ್ನು ಹುಡುಕಿ, ಕೌಂಟಿಯಿಂದ ಬಂದ ಪತ್ರಕ್ಕೆ ಸಹಿ ಮಾಡಿ ವಾಪಸ್ ಕಳಿಸಿ ಅಂತ ಹೇಳೋದು. ನಮ್ಮ ಹಿರಿಯರಲ್ಲಿ ಇದು ಬಹಳ. ದಾಖಲೆಯಲ್ಲಿ ಇಂಗ್ಲಿಷ್ ಸಹಿ, ಕವರ್ ಮೇಲೆ ಕನ್ನಡ ಸಹಿ. ಒಬ್ಬ ಅಜ್ಜಿಗೆ ಸೊಸೆಯ ಫೋನಿನಲ್ಲಿ ಪತ್ರ ತೋರಿಸಿ, ಹೀಗೇ ಮಾಡಿ ಅಂತ ವಿವರಿಸೋಕೆ ಅರ್ಧ ಗಂಟೆ ಹಿಡಿಯಿತು, ಮಧ್ಯೆ ಅವರ ಮಂಡಿನೋವಿನ ಕಥೆಯೂ ಆಯಿತು.

ಕೊನೆಗೆ ಕೂದಲೆಳೆಯಲ್ಲಿ ಗೆದ್ದೆವು. ಟ್ಯಾಕ್ಸ್‌ಗೆ ಅವಧಿ ಇದೆ, ಮುಗಿಯೋದರೊಳಗೆ ಮತ್ತೆ ಜನರ ಮುಂದೆ ಹೋಗಬೇಕು. ಆದರೆ ಇರುವುದನ್ನೇ ಮುಂದುವರಿಸಿ ಅಂತ ಕೇಳೋದು ಹೊಸದನ್ನು ಕೇಳುವಷ್ಟು ಕಷ್ಟ ಅಲ್ಲ. ನಿಮ್ಮ ಊರಲ್ಲಿ ಬರುತ್ತಿರೋದು ಬಾಂಡಾ, ಹೊಸ ಪಾರ್ಸೆಲ್ ಟ್ಯಾಕ್ಸಾ, ಹಳೇದರ ಮುಂದುವರಿಕೆಯಾ ಅಂತ ಮೊದಲು ತಿಳಿದುಕೊಳ್ಳಿ. ಪಟ್ಟಿ ಮಾಡೋಕೆ ಕೂರೋದು ಆಮೇಲೆ.