ಗುರಾಣಿಯ ಮೇಲಿನ ದಾವೀದ: ಈ ಚಿತ್ರವನ್ನು ನಾನು ಓದಿದ ಕ್ರಮ

ಬೈಬಲ್ಲಿನ ಕಥೆಯಲ್ಲಿ ದೈತ್ಯ ಗೊಲ್ಯಾತನನ್ನು ಕವಣೆಕಲ್ಲಿನಿಂದ ಉರುಳಿಸಿದ ಹುಡುಗ ದಾವೀದ. ಇಟಲಿಯ ಫ್ಲಾರೆನ್ಸಿನ ಚಿತ್ರಕಾರ ಆಂದ್ರೇಯಾ ದೆಲ್ ಕಸ್ತಾನ್ಯೋ 1450–55ರ ಸುಮಾರಿಗೆ ಬರೆದ ಅವನ ಚಿತ್ರ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ಇದನ್ನು ಓದಲು ನಾನು ಕಥೆಯಿಂದ ಶುರುಮಾಡಲಿಲ್ಲ, ಅಳತೆಯಿಂದ ಶುರುಮಾಡಿದೆ. ಇದು ಮರದ ಮೇಲೆ ಚರ್ಮ ಹೊದಿಸಿದ ಮೆರವಣಿಗೆಯ ಗುರಾಣಿ. ಎತ್ತರ 115.5 ಸೆಂ.ಮೀ., ಅಗಲ ಮೇಲ್ತುದಿಯಲ್ಲಿ 76.5, ಕೆಳತುದಿಯಲ್ಲಿ 41. ಇದೇ ಅಳತೆಗೆ ರಟ್ಟು ಕತ್ತರಿಸಿ, ಆಕೃತಿಯ ಗೆರೆಗಳನ್ನಷ್ಟೇ ಅದರ ಮೇಲೆ ಎಳೆದೆ. ಮೇಲೆ ಜಾಗ ಧಾರಾಳವಾಗಿರುವುದರಿಂದ ತೋಳುಗಳು ಚಾಚಿಕೊಂಡಿವೆ. ಕೆಳಗೆ ಇಕ್ಕಟ್ಟು, ಅಲ್ಲಿ ಪಾದಗಳ ನಡುವೆ ಗೊಲ್ಯಾತನ ತಲೆ. ಪುಸ್ತಕದ ಚೌಕಟ್ಟಿನಲ್ಲಿ ಚಿಕ್ಕದಾಗಿ ಅಚ್ಚಾದ ಪ್ರತಿಯನ್ನಷ್ಟೇ ನೋಡಿದರೆ ಈ ಇಕ್ಕಟ್ಟು ತಿಳಿಯುವುದಿಲ್ಲ.

ಆಮೇಲೆ ಈ ಕಥೆ ಬರುವ ಬೈಬಲ್ಲಿನ ಒಂದನೇ ಸಮುವೇಲನ ಪುಸ್ತಕದ 17ನೇ ಅಧ್ಯಾಯದ 40ರಿಂದ 51ನೇ ವಚನಗಳನ್ನು ಬಿಡಿಬಿಡಿಯಾಗಿ ಬರೆದು, ಪ್ರತಿಯೊಂದರ ಮುಂದೆ ಚಿತ್ರದಲ್ಲಿ ಕಂಡದ್ದನ್ನು ಗುರುತಿಸಿದೆ. ತೊಡಕು ಬಂದದ್ದು ಇಲ್ಲೇ. ದಾವೀದನ ಒಂದು ಕೈ ಮೇಲೆದ್ದಿದೆ, ಇನ್ನೊಂದು ಕವಣೆಯನ್ನು ಹಿಂದಕ್ಕೆ ಎಳೆದು ಹಿಡಿದಿದೆ. ಕಲ್ಲು ಇನ್ನೂ ಕವಣೆಯಲ್ಲೇ ಇದೆ. ಆದರೆ ಕಾಲಬುಡದ ತಲೆಯ ಹಣೆಯಲ್ಲಿ ಕಲ್ಲು ಆಗಲೇ ನಾಟಿದೆ! ಕಲ್ಲು ಬೀಸುವ 49ನೇ ವಚನದ ಮೊದಲರ್ಧವೂ ತಲೆ ಕಡಿಯುವ 51ನೇ ವಚನವೂ ಒಂದೇ ಹಲಗೆಯ ಮೇಲೆ. ತಲೆ ಕಡಿದ ಕತ್ತಿ ಗೊಲ್ಯಾತನದೇ; ದಾವೀದನ ಕೈಯಲ್ಲಿ ಮಾತ್ರ ಅದಿಲ್ಲ.

ಹೆಚ್ಚಿನವರು ಎಡವುವುದು ಇದನ್ನು ‘ಗೆದ್ದು ನಿಂತ ದಾವೀದ’ ಎಂದು ಕರೆದಾಗ. ಗೆದ್ದವನ ದೇಹ ಸಡಿಲವಾಗಿರುತ್ತದೆ. ಇಲ್ಲಿ ಕಾಲುಗಳು ಅಗಲವಾಗಿ ಊರಿವೆ, ಕೂದಲೂ ಬಟ್ಟೆಯೂ ಗಾಳಿಗೆ ಹಾರುತ್ತಿವೆ. ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಈ ನಿಲುವಿನ ಬಿಗಿ ಸುಲಭವಾಗಿ ಅರ್ಥವಾದೀತು. ಗುರಾಣಿಗೆ ಇದೇ ತಕ್ಕದ್ದೆಂದು ನನ್ನ ತೀರ್ಮಾನ: ಎದುರು ನಿಂತವನಿಗೆ ಬರಲಿರುವ ಏಟೂ ಅದರ ಫಲವೂ ಒಟ್ಟಿಗೇ ಕಾಣುತ್ತವೆ.

ಫ್ಲಾರೆನ್ಸಿನ ರಾಜಕೀಯವನ್ನು ಕೊನೆಗೆ ಇಟ್ಟುಕೊಂಡೆ. ಶಿಲ್ಪಿ ದೊನಾತೆಲ್ಲೋ ಕಡೆದ ಅಮೃತಶಿಲೆಯ ದಾವೀದ 1416ರಲ್ಲೇ ಅಲ್ಲಿನ ಸರ್ಕಾರದ ಅರಮನೆ ಸೇರಿತ್ತು. ಬಲಾಢ್ಯ ಶತ್ರುವಿಗೆ ಮಣಿಯದ ಊರಿನ ಗುರುತಾಗಿ ದಾವೀದ ಅಲ್ಲಿಯವರಿಗೆ ಪರಿಚಿತ. ಇದನ್ನು ಮೊದಲೇ ಹೇಳಿಬಿಟ್ಟರೆ ಕಣ್ಣು ಚಿತ್ರವನ್ನು ಬಿಟ್ಟು ಇತಿಹಾಸದ ಹಿಂದೆ ಹೋಗುತ್ತದೆ. ಬರೆದು ಮುಗಿಸಿದ ಮೇಲೆ, ದೊನಾತೆಲ್ಲೋನ ದಾವೀದನಿಗೂ ಹೊಂದಬಹುದಾದ ವಾಕ್ಯಗಳನ್ನೆಲ್ಲ ಹೊಡೆದುಹಾಕಿದೆ.