ಹಳೇ ವೈರನ್ನು ಹೊಸ ಪೈಪಿಗೆ ಹಾಕಿ ನಾನು ಪಟ್ಟ ಪಾಡು

ತೀರ್ಥಹಳ್ಳಿ ಕಡೆಯ ಒಂದು ತೊಟ್ಟಿಮನೆ. ಅಡುಗೆಮನೆ, ಬಚ್ಚಲುಮನೆ ಎರಡನ್ನೂ ಕೆಡವಿ ಹೊಸದಾಗಿ ಕಟ್ಟುತ್ತಿದ್ದರು. ವೈರಿಂಗ್ ಕೆಲಸ ನನಗೆ ಬಂತು. ಮನೆ ತುಂಬಾ ಮರದ ಪಟ್ಟಿ ಮೇಲೆ ಕ್ಲಿಪ್ ಹೊಡೆದು ಎಳೆದಿದ್ದ ಹಳೇ ವೈರ್ ಇತ್ತು. ನಮ್ಮ ಲೆಕ್ಕದಲ್ಲಿ 1/18, ಅಂದರೆ 18 ಗೇಜ್ ದಪ್ಪದ ಒಂದೇ ಎಳೆಯ ತಾಮ್ರ. ತುದಿ ಹೆರೆದರೆ ಹೊಸ ಚೊಂಬಿನ ಹಾಗೆ ಹೊಳೆಯುತ್ತಿತ್ತು.

"ಇಂಥ ತಾಮ್ರ ಈಗ ದುಡ್ಡು ಕೊಟ್ರೂ ಸಿಗಲ್ಲ ಮಾರಾಯ, ಬಿಚ್ಚಿ ಇದನ್ನೇ ಹಾಕು" ಅಂದರು ಯಜಮಾನರು. ನನಗೂ ಹೌದಲ್ಲ ಅನ್ನಿಸಿತು. ಹಾಗಂತ ಕಣ್ಣು ಮುಚ್ಚಿ ಹಾಕಲಿಲ್ಲ. ಪಟ್ಟಿಯಿಂದ ಬಿಚ್ಚಿ, ಉಜ್ಜಿ ನೇರ ಮಾಡಿ, ಹೊಸ ಪಿವಿಸಿ ಪೈಪಿನಲ್ಲಿ ಎಳೆದೆ. ಜೊತೆಗೆ ಅರ್ತಿಂಗಿಗೆ ಅಂತ ಬರಿ ತಾಮ್ರದ ತಂತಿಯನ್ನೂ ಅದೇ ಪೈಪಿನಲ್ಲಿ ಬಿಟ್ಟೆ. ಬಲ್ಬ್ ತೆಗೆದು, ಸ್ವಿಚ್ ಎಲ್ಲ ಆನ್ ಮಾಡಿ, 500 ವೋಲ್ಟಿನ ಮೆಗ್ಗರ್ (ವೈರಿನ ಸಿಪ್ಪೆ ಕರೆಂಟ್ ಸೋರದ ಹಾಗೆ ಎಷ್ಟು ತಡೆಯುತ್ತೆ ಅಂತ ಅಳೆಯುವ ಮೀಟರ್) ಹಾಕಿ ನೋಡಿದೆ. 3 ಮೆಗಾಓಮ್ ಬಂತು. 1ಕ್ಕಿಂತ ಕೆಳಗೆ ಬಂದರೆ ಒಪ್ಪಬಾರದು ಅಂತ ಕಲಿತಿದ್ದೆ. ಪಾಸ್ ಅಂದುಕೊಂಡೆ. ಹೊಸ ವೈರ್ ಆಗಿದ್ದರೆ ನೂರರ ಮೇಲೆ ತೋರಿಸುತ್ತಿತ್ತು ಅನ್ನೋದು ಗೊತ್ತಿತ್ತು. ಆದರೂ ಅದರ ಬಗ್ಗೆ ಯೋಚಿಸಲಿಲ್ಲ. ಏಪ್ರಿಲ್ ತಿಂಗಳು, ಗೋಡೆ ಎಲ್ಲ ಖಣಖಣ ಒಣಗಿತ್ತು.

ಹಳೇ ಪಿಂಗಾಣಿ ಫ್ಯೂಸ್ ತೆಗೆದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್), ಅದರ ಹಿಂದೆ ಕರೆಂಟ್ ಸೋರಿದರೆ ಬೀಳುವ 30 ಮಿಲಿಆಂಪಿನ ಆರ್‌ಸಿಸಿಬಿ ಕೂರಿಸಿ ಮನೆಗೆ ಬಂದೆ.

ಜುಲೈನಲ್ಲಿ ಫೋನ್ ಬಂತು. "ನಿನ್ನ ಹೊಸ ಡಬ್ಬಿ ಸರಿ ಇಲ್ಲ, ರಾತ್ರಿ ಮೂರು ಸಲ ಬಿತ್ತು." ಮಳೆಯಲ್ಲಿ ನೆನೆದುಕೊಂಡು ಹೋದೆ. ನೋಡಿದರೆ ಯಾರೋ ಬಂದು ಆರ್‌ಸಿಸಿಬಿಯ ಮೇಲಿನಿಂದ ಕೆಳಕ್ಕೆ ಎರಡು ತುಂಡು ವೈರ್ ಹಾಕಿ ನೇರ ಕೊಟ್ಟಿದ್ದಾರೆ! ಈಗ ಬೀಳಲ್ಲ ನೋಡು ಅಂತ ಯಜಮಾನರಿಗೆ ಖುಷಿ. ನನಗೆ ಮಾತ್ರ ಹೊಟ್ಟೆಯಲ್ಲಿ ತಣ್ಣಗಾಯಿತು. ಬಚ್ಚಲಿನಲ್ಲಿ ಗೀಸರ್ ಇದೆ, ನೆಲ ಒದ್ದೆ, ಮಕ್ಕಳು ಬರಿಗಾಲಲ್ಲಿ ಓಡಾಡುತ್ತವೆ.

ಮೊದಲು ಆ ತುಂಡು ಕಿತ್ತೆ. ಆಮೇಲೆ ಒಂದೊಂದೇ ಲೈನ್ ಬೇರೆ ಮಾಡಿ ಮೆಗ್ಗರ್ ಹಾಕಿದೆ. ಬಚ್ಚಲಿನ ಲೈಟ್ ಲೈನಿನಲ್ಲಿ ಮುಳ್ಳು ಸೊನ್ನೆಗೆ ಅಂಟಿಕೊಂಡಿತು. ಏಪ್ರಿಲ್‌ನಲ್ಲಿ 3 ತೋರಿಸಿದ್ದ ಲೈನೂ ಇದೇ.

ಪೈಪ್ ಬೆಂಡಿನ ಹತ್ತಿರ ಗೋಡೆ ಒಡೆದೆವು. ಒಳಗೆ ಅರ್ಧ ಲೋಟ ನೀರು. ಅದರಲ್ಲಿ ಮುಳುಗಿದ ವೈರಿನ ಮೇಲೆ ಸಾಲಾಗಿ, ಉಗುರಿನಿಂದ ಗೀರಿದ ಹಾಗೆ ಬಿರುಕು. ಎಲ್ಲ ಒಂದೇ ಅಂತರದಲ್ಲಿ. ಆಗ ಹೊಳೆಯಿತು: ಅಷ್ಟಷ್ಟು ದೂರಕ್ಕೇ ಮುಂಚೆ ಕ್ಲಿಪ್ ಕಚ್ಚಿಕೊಂಡಿತ್ತು. ವೈರಿನ ಮೇಲಿನ ಪಿವಿಸಿ ಸಿಪ್ಪೆ ಹಳತಾದ ಹಾಗೆ ಅದನ್ನು ಮೆದುವಾಗಿಡುವ ಎಣ್ಣೆಯಂಥ ಅಂಶ ಹೋಗಿಬಿಡುತ್ತೆ. ಇದ್ದ ಜಾಗದಲ್ಲೇ ಇದ್ದರೆ ಏನೂ ಆಗಲ್ಲ. ಬಿಚ್ಚಿ ನೇರ ಮಾಡಿ, ಮತ್ತೆ ಬೇರೆ ಕಡೆ ಬಗ್ಗಿಸಿದರೆ ಸೀಳುತ್ತೆ. ಉಜ್ಜಿ ನೇರ ಮಾಡಿದ್ದು ನಾನೇ ಅಲ್ವಾ.

ಇನ್ನೂ ಒಂದು ತಮಾಷೆ ಇದೆ. ಆ ವೈರ್ ಪಟ್ಟಿ ಮೇಲೆ ಇದ್ದಾಗಲೂ ಅಲ್ಲಲ್ಲಿ ಹಾಳಾಗಿತ್ತೋ ಏನೋ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುತ್ತ ಒಣ ಮರ, ಗಾಳಿ. ಹತ್ತಿರದಲ್ಲಿ ಅರ್ತ್ ತಂತಿಯೇ ಇಲ್ಲ. ಇನ್ನು ಫ್ಯೂಸ್ ಕರಗಬೇಕಾದರೆ ಆಂಪ್‌ಗಟ್ಟಲೆ ಕರೆಂಟ್ ಹರಿಯಬೇಕು. 20-30 ಮಿಲಿಆಂಪ್ ಸೋರಿದರೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ತಾಳೆ ನೋಡುತ್ತೆ, ವ್ಯತ್ಯಾಸ ಕಂಡರೆ ಬೀಳುತ್ತೆ. "ಮೂವತ್ತು ವರ್ಷ ಏನೂ ಆಗಿರಲಿಲ್ಲ" ಅಂತ ಯಜಮಾನರು ಹೇಳಿದ್ದು ಸುಳ್ಳಲ್ಲ. ನೋಡುವ ಕಣ್ಣು ಆಗ ಇರಲಿಲ್ಲ, ಅಷ್ಟೇ.

ಪೂರ್ತಿ ಹೊಸ ವೈರ್ ಹಾಕಿದೆ. ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರಿಗೆ 4 ಚದರ ಮಿಲಿಮೀಟರ್. ಅರ್ತಿಂಗಿಗೂ ಈ ಸಲ ಬರಿ ತಂತಿ ಅಲ್ಲ, ಹಸಿರು ವೈರ್. ಹಳೇ ವೈರಿನ ತುದಿಗೆ ಹೊಸದನ್ನು ಕಟ್ಟಿ, ಟೇಪ್ ಸುತ್ತಿ, ಆ ಕಡೆಯಿಂದ ಎಳೆದೆವು. ಹಳೇ ವೈರಿನಿಂದ ನನಗಾದ ದೊಡ್ಡ ಉಪಕಾರ ಅದೊಂದೇ. ಎರಡು ಕಡೆ ಸಿಪ್ಪೆ ಸುಲಿದು ಸಿಕ್ಕಿಕೊಂಡಿತು, ಅಲ್ಲಿ ಮತ್ತೆ ಗೋಡೆ ಒಡೆಯಬೇಕಾಯಿತು. ಮೊದಲ ಸಲ ಉಳಿಸಿದ್ದು 90 ಮೀಟರಿನ ಮೂರು ಕಾಯಿಲ್. ಗಾರೆ ಕೆಲಸ, ಬಣ್ಣ, ನನ್ನ ನಾಲ್ಕು ದಿನದ ಕೂಲಿ ಎಲ್ಲ ಸೇರಿ ಅದಕ್ಕಿಂತ ಜಾಸ್ತಿ ಹೋಯಿತು. ಕೂಲಿ ನಾನು ತಗೊಳ್ಳಲಿಲ್ಲ. ತಪ್ಪು ನಂದು.

ಅಲ್ಲಿಂದ ಒಂದು ಹಟ ಹಿಡಿದೆ. ಒಂದು ಸಲ ಹೊರಗೆ ಎಳೆದ ವೈರ್ ಮತ್ತೆ ಪೈಪಿಗೆ ಹೋಗಲ್ಲ. ಹಾಗಂತ ಹಳೇದೆಲ್ಲ ಕಿತ್ತು ಬಿಸಾಡಿ ಅಂತಲೂ ನಾನು ಹೇಳಲ್ಲ. ಗೋಡೆಯೊಳಗಿನ ಪೈಪಿನಲ್ಲಿ ಒಳ್ಳೇ ತಾಮ್ರದ ಪಿವಿಸಿ ವೈರ್ ಇದ್ದು, ಅರ್ತ್ ಇದ್ದು, ಮೆಗ್ಗರಿನಲ್ಲಿ ಚೆನ್ನಾಗಿ ಬಂದು, ಲೋಡೂ ಮೊದಲಿನಷ್ಟೇ ಆದರೆ ಮುಟ್ಟದೆ ಬಿಡುತ್ತೇನೆ. ಮಲೆನಾಡಿನಲ್ಲಾದರೆ ಆ ಟೆಸ್ಟನ್ನು ಮಳೆಗಾಲದಲ್ಲಿ ಇನ್ನೊಮ್ಮೆ ಮಾಡುತ್ತೇನೆ. ಸೀಲಿಂಗಿನ ಹೋಲ್ಡರ್ ಬಿಚ್ಚಿ ಕೊನೆಯ ಒಂದು ಗೇಣು ಬೆರಳಿಗೆ ಸುತ್ತಿ ನೋಡುತ್ತೇನೆ. ಹಳೇ 100 ವ್ಯಾಟ್ ಬಲ್ಬಿನ ಕಾವಿಗೆ ಮೊದಲು ಸಾಯೋದು ಅಲ್ಲೇ.

ಲೋಡ್ ಅಂದೆನಲ್ಲ, ಅದನ್ನು ಎಲ್ಲರೂ ಮರೆಯುತ್ತಾರೆ. ರೇಡಿಯೋ, ಇಸ್ತ್ರಿಪೆಟ್ಟಿಗೆಗೆ ಅಂತ ಎಳೆದ ಲೈನಿಗೆ ಈಗ 2 ಕಿಲೋವ್ಯಾಟಿನ ಗೀಸರ್. ಅದೊಂದಕ್ಕೇ 9 ಆಂಪ್ ಹತ್ತಿರ. ಪಕ್ಕದಲ್ಲಿ ಇಂಡಕ್ಷನ್ ಒಲೆ ಬೇರೆ. ಎಂಸಿಬಿ ಬೀಳ್ತಾ ಇದೆ, 20 ಆಂಪಿಂದು ಹಾಕಿಕೊಡಿ ಅಂತಾರೆ. ಎಂಸಿಬಿ ಇರೋದೇ ವೈರ್ ಕಾಯೋಕೆ. ಅದನ್ನು ದೊಡ್ಡದು ಮಾಡಿದರೆ ಆಮೇಲೆ ಗೋಡೆಯೊಳಗೆ ವೈರೇ ಫ್ಯೂಸ್ ಆಗುತ್ತೆ.

ಅಲ್ಯೂಮಿನಿಯಂ ವೈರ್ ಕಂಡರೆ ಅದಕ್ಕೆ ತಾಮ್ರ ಸೇರಿಸಿ ಮುಂದಕ್ಕೆ ಎಳೆಯೋದೇ ಇಲ್ಲ. ಸುಮ್ನೆ ತಿರುಚಿ ಟೇಪ್ ಸುತ್ತಿದ ಅಂಥ ಜಾಯಿಂಟ್ ಸಡಿಲ ಆಗಿ, ಕಾದು ಕರ್ರಗಾಗಿದ್ದನ್ನು ಎಷ್ಟೋ ಮನೆಯಲ್ಲಿ ಬಿಚ್ಚಿದ್ದೇನೆ. ಬಟ್ಟೆ ಸುತ್ತಿದ ಕಪ್ಪು ರಬ್ಬರ್ ವೈರ್ ಇದ್ದರಂತೂ ಮಾತೇ ಬೇಡ, ಮುಟ್ಟಿದರೆ ಪುಡಿ.

ಆ ಮನೆಯ ಹಳೇ ತಾಮ್ರವನ್ನು ಯಜಮಾನರು ಗುಜರಿಗೆ ಕೊಟ್ಟರು, ಒಳ್ಳೇ ರೇಟು ಸಿಕ್ಕಿತಂತೆ. ಆದರೂ ಆಸೆ ಬಿಡಲಿಲ್ಲ, ಹತ್ತು ಮಾರು ಉಳಿಸಿಕೊಂಡಿದ್ದರು. ಮುಂದಿನ ಸಲ ಹೋದಾಗ ನೋಡಿದರೆ ಮೀಟರ್ ಬೋರ್ಡಿನ ಪಕ್ಕದ ಕಂಬದಿಂದ ಕೊಟ್ಟಿಗೆಗೆ ಕಟ್ಟಿ ಬಟ್ಟೆ ಒಣಹಾಕಿದ್ದಾರೆ. ಅದನ್ನೂ ಬಿಚ್ಚಿಸಿ, ಪೇಟೆಯಿಂದ ನಾನೇ ತಂದಿದ್ದ ನೈಲಾನ್ ಹಗ್ಗ ಕಟ್ಟಿಕೊಟ್ಟು ಬಂದೆ.